ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಸ್ಪ್ರಿಂಗ್ ಏರ್ ಪಿಸ್ತೂಲ್ ಬಿಚ್ಚಿ ಜೋಡಿಸುವುದು

ಸ್ಪ್ರಿಂಗ್ ಏರ್ ಪಿಸ್ತೂಲಿನ ರಿಪೇರಿ ಬಗ್ಗೆ ಬಂದಿರುವ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬೇರೆ ಮಾದರಿಯ ಹೆಸರು ಹೇಳದಿದ್ದ ಕಡೆಯೆಲ್ಲ ನಮ್ಮ ಉತ್ತರ 4.5 ಮಿ.ಮೀ. ನಳಿಗೆಯ, ನಳಿಗೆಯನ್ನೇ ಮಡಿಸಿ ಕಾಕ್ ಮಾಡುವ (ಅಂದರೆ ಸ್ಪ್ರಿಂಗನ್ನು ಒತ್ತಿ ಹೊಡೆಯಲು ಸಿದ್ಧ ಮಾಡುವ) ಬ್ರೇಕ್ ಬ್ಯಾರಲ್ ಪಿಸ್ತೂಲಿಗೆ ಸಂಬಂಧಿಸಿದ್ದು.

ಪ್ರಶ್ನೆ: ನನ್ನ ಪಿಸ್ತೂಲು ಎಂಟು ವರ್ಷ ಹಳೆಯದು. ಮೊದಲು ಹತ್ತು ಮೀಟರಿನಿಂದ ತಗಡಿನ ಡಬ್ಬಿ ತೂತಾಗುತ್ತಿತ್ತು, ಈಗ ಬರೀ ತಗ್ಗು ಬೀಳುತ್ತದೆ. ಸ್ಪ್ರಿಂಗ್ ಸತ್ತಿದೆ ಅಂತ ಅಂಗಡಿಯವರು ಹೇಳಿದರು. ಹೊಸ ಸ್ಪ್ರಿಂಗ್ ಹಾಕಿಸಲೇ?
– ಓದುಗರು, ಹುಬ್ಬಳ್ಳಿ

ಉತ್ತರ: ತಡೆಯಿರಿ. ಬಲ ಕಡಿಮೆಯಾದ ಕೂಡಲೇ ಎಲ್ಲರೂ ಸ್ಪ್ರಿಂಗನ್ನೇ ದೂರುತ್ತಾರೆ. ಆದರೆ ಪೆಲೆಟನ್ನು, ಅಂದರೆ ಸೀಸದ ಸಣ್ಣ ಗುಂಡನ್ನು, ತಳ್ಳುವುದು ಸ್ಪ್ರಿಂಗ್ ಅಲ್ಲ, ಗಾಳಿ. ಸ್ಪ್ರಿಂಗು ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ ಸಿಲಿಂಡರಿನ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಸಣ್ಣದೊಂದು ರಂಧ್ರದಿಂದ ನಳಿಗೆಗೆ ನುಗ್ಗುತ್ತದೆ. ಈ ದಾರಿಯಲ್ಲಿ ಎಲ್ಲಿ ಸೋರಿದರೂ ಬಲ ಇಳಿಯುತ್ತದೆ. ಪಿಸ್ತೂಲಿನ ಸಿಲಿಂಡರ್ ಚಿಕ್ಕದು, ಅದರಲ್ಲಿರುವ ಗಾಳಿಯೂ ಸ್ವಲ್ಪವೇ. ರೈಫಲಿನಲ್ಲಿ ಗೊತ್ತೇ ಆಗದಷ್ಟು ಸೋರಿಕೆ ಇಲ್ಲಿ ಎದ್ದು ಕಾಣುತ್ತದೆ.

ಮೊದಲು ನೋಡಬೇಕಾದ್ದು ಬ್ರೀಚ್ ಸೀಲ್. ನಳಿಗೆ ಮಡಿಸಿದಾಗ ಅದರ ಹಿಂಬದಿಯಲ್ಲಿ, ಪೆಲೆಟ್ ಇಡುವ ತೂತಿನ ಸುತ್ತ ಕಾಣುವ ರಬ್ಬರ್ ಅಥವಾ ಚರ್ಮದ ಬಳೆ ಅದು. ತೆಳು ಟಿಶ್ಯೂ ಕಾಗದದ ಒಂದು ಪಟ್ಟಿಯನ್ನು ನಳಿಗೆ ಮತ್ತು ಸಿಲಿಂಡರ್ ಸೇರುವ ಸಂದಿನ ಮೇಲೆ ಸಡಿಲವಾಗಿ ಹಾಸಿ, ಪೆಲೆಟ್ ತುಂಬಿ, ಗುರಿಹಲಗೆಗೆ ಹೊಡೆಯಿರಿ. ಕಾಗದ ಹಾರಿದರೆ ಗಾಳಿ ಅಲ್ಲೇ ಸೋರುತ್ತಿದೆ. ಸಂದಿನ ಮೇಲುಗಡೆ, ಎರಡು ಪಕ್ಕ, ಮೂರು ಕಡೆಯೂ ಹೀಗೆ ನೋಡಿ. ಕಣ್ಣಿಗೆ ಕನ್ನಡಕ ಇರಲಿ.

ಸೀಲ್ ತಾನು ಕೂರುವ ತೋಡಿನ ಅಂಚಿನಿಂದ 0.1ರಿಂದ 0.2 ಮಿ.ಮೀ. ಮೇಲೆದ್ದಿರಬೇಕು. ಮಟ್ಟಸವಾಗಿ ಕುಳಿತಿದ್ದರೆ ಅಥವಾ ಒಂದು ಕಡೆ ಚಪ್ಪಟೆಯಾಗಿದ್ದರೆ ಅದನ್ನು ಮೊಂಡು ಸೂಜಿಯಿಂದ ಎಬ್ಬಿಸಿ ತೆಗೆಯಿರಿ. ಅದೇ ಅಳತೆಯ ಓ ರಿಂಗ್ ಬೇರಿಂಗ್ ಮತ್ತು ಆಯಿಲ್ ಸೀಲ್ ಮಾರುವ ಅಂಗಡಿಗಳಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಬಾಯಲ್ಲಿ ಅಳತೆ ಹೇಳಬೇಡಿ. ಹೊಸದು ಸಿಗುವ ತನಕ ಸೀಲಿನ ಅಡಿಗೆ ತಂಪು ಪಾನೀಯದ ಡಬ್ಬಿಯ ತಗಡಿನಿಂದ ಕತ್ತರಿಸಿದ ಬಳೆಯೊಂದನ್ನು ಕೂರಿಸಬಹುದು. ಆ ತಗಡಿನ ದಪ್ಪ ಸುಮಾರು 0.1 ಮಿ.ಮೀ. ಅತಿಯಾಗಿ ಎತ್ತರಿಸಿದರೆ ನಳಿಗೆ ಸರಿಯಾಗಿ ಮುಚ್ಚುವುದಿಲ್ಲ, ಹೊಡೆತ ಮೇಲೆ ಕೆಳಗೆ ಹೋಗುತ್ತದೆ.

ಬ್ರೀಚ್ ಸೀಲ್ ಚೆನ್ನಾಗಿದ್ದೂ ಬಲ ಬರುತ್ತಿಲ್ಲವೆಂದರೆ ಪಿಸ್ಟನ್ ಸೀಲಿನ ಸರದಿ. ಅದನ್ನು ನೋಡಲು ಪಿಸ್ತೂಲು ಬಿಚ್ಚಲೇಬೇಕು. ಸ್ಪ್ರಿಂಗಿನ ಲೆಕ್ಕ ಎಲ್ಲಕ್ಕಿಂತ ಕೊನೆಗೆ.

ಪ್ರಶ್ನೆ: ಮನೆಯಲ್ಲೇ ಪೂರ್ತಿ ಬಿಚ್ಚಬೇಕೆಂದಿದ್ದೇನೆ. ಯಾವ ಉಪಕರಣ ಬೇಕು, ಯಾವುದನ್ನು ಮೊದಲು ಬಿಚ್ಚಬೇಕು? ಹಿಂದಿನ ಪಿನ್ ಹೊಡೆದರೆ ಸ್ಪ್ರಿಂಗ್ ಹಾರುತ್ತದೆ ಎಂದು ಗೆಳೆಯರೊಬ್ಬರು ಹೆದರಿಸಿದ್ದಾರೆ.
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ನಿಜ. ಕಾಕ್ ಮಾಡದಿದ್ದರೂ ಒಳಗಿನ ಸ್ಪ್ರಿಂಗ್ ಆಗಲೇ ಮೂರು ನಾಲ್ಕು ಸೆಂಟಿಮೀಟರ್ ಕುಗ್ಗಿಕೊಂಡೇ ಕುಳಿತಿರುತ್ತದೆ. ಮಾದರಿಯ ಮೇಲೆ ಅದರ ಒತ್ತಡ ಹತ್ತು ಹದಿನೈದು ಕಿಲೋ ಅಥವಾ ಇನ್ನೂ ಹೆಚ್ಚು. ಹಿಂಬದಿಯ ಬ್ಲಾಕಿನ ಪಿನ್ ಹೊರಬಂದ ಕ್ಷಣದಲ್ಲಿ ಆ ಕಬ್ಬಿಣದ ತುಂಡು ಮುಖದತ್ತಲೇ ಬರುತ್ತದೆ. ಎದೆಗೆ ಒತ್ತಿಕೊಂಡು, ಮೊಣಕಾಲಲ್ಲಿ ಅದುಮಿ ಬಿಚ್ಚುವವರಿದ್ದಾರೆ. ಹಾಗೆ ಮಾಡಲೇಬೇಡಿ. ಸ್ಪ್ರಿಂಗನ್ನು ಒತ್ತಿ ಹಿಡಿದು ನಿಧಾನವಾಗಿ ಬಿಡುವ ಕಂಪ್ರೆಸರ್ ಇಲ್ಲದಿದ್ದರೆ ಆ ಪಿನ್ನನ್ನು ಮುಟ್ಟಬೇಡಿ.

ಕಂಪ್ರೆಸರನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಎರಡಡಿ ಉದ್ದದ ಗಟ್ಟಿ ಹಲಗೆ, ಅದರ ಎರಡೂ ತುದಿಗೆ ಬೋಲ್ಟ್ ಹಾಕಿ ಬಿಗಿದ ಮರದ ದಿಮ್ಮಿ, ಒಂದು ದಿಮ್ಮಿಯೊಳಗಿಂದ ಹಾಯುವ ಎಂ12 ಥ್ರೆಡೆಡ್ ರಾಡ್, ರಾಡಿನ ತುದಿಗೆ ಮರದ ಅಥವಾ ನೈಲಾನಿನ ಗುಬುಟು. ಎಂ12 ರಾಡ್ ಒಂದು ಸುತ್ತಿಗೆ 1.75 ಮಿ.ಮೀ. ಸರಿಯುತ್ತದೆ. 40 ಮಿ.ಮೀ. ಒತ್ತಡ ಸಡಿಲಿಸಲು ಸುಮಾರು 23 ಸುತ್ತು. ಇಷ್ಟು ನಿಧಾನ ಇರುವುದೇ ಇದರ ಗುಣ. ಬಡಗಿಗಳು ಬಳಸುವ ಉದ್ದನೆಯ ಸ್ಯಾಶ್ ಕ್ಲಾಂಪ್ ಕೂಡ ಆಗುತ್ತದೆ, ಆದರೆ ಪಿಸ್ತೂಲು ಪಕ್ಕಕ್ಕೆ ಜಾರದಂತೆ ಮೊದಲು ಅದನ್ನು ಹಲಗೆಗೆ ಕಟ್ಟಿಕೊಳ್ಳಬೇಕು. ಇದಲ್ಲದೆ ಬೇಕಾಗುವುದು 3 ಮತ್ತು 4 ಮಿ.ಮೀ. ಪಿನ್ ಪಂಚ್, ಸಣ್ಣ ಹಿತ್ತಾಳೆ ಸುತ್ತಿಗೆ, ಸ್ಕ್ರೂವಿನ ಸೀಳಿಗೆ ಸರಿಯಾಗಿ ತುಂಬುವ ಸ್ಕ್ರೂ ಡ್ರೈವರ್, ಅಲ್ಲೆನ್ ಕೀ, ಕನ್ನಡಕ, ಒಂದು ಬಿಳಿ ಬಟ್ಟೆ. ಸೀಳಿಗಿಂತ ಚಿಕ್ಕ ಸ್ಕ್ರೂ ಡ್ರೈವರ್ ಹಾಕಿದರೆ ಸ್ಕ್ರೂ ತಲೆ ಕಿತ್ತುಹೋಗುತ್ತದೆ. ಆಮೇಲೆ ಲೇತ್ ಅಂಗಡಿಗೆ ಓಡಾಟ.

ಮೊದಲು ನಳಿಗೆ ಮಡಿಸಿ, ಪೆಲೆಟ್ ಇಲ್ಲವೆಂದು ನೋಡಿ, ಕಾಕ್ ಆಗಿಲ್ಲವೆಂದು ಖಚಿತ ಮಾಡಿಕೊಳ್ಳಿ. ಕಾಕ್ ಆಗಿದ್ದರೆ ಪೆಲೆಟ್ ಹಾಕಿ ಗುರಿಹಲಗೆಗೆ ಹೊಡೆದು ಖಾಲಿ ಮಾಡಿ. ಆಮೇಲೆ ಹಿಡಿಯ ಸ್ಕ್ರೂ, ಟ್ರಿಗರ್ ಗಾರ್ಡಿನ ಸ್ಕ್ರೂ ತೆಗೆದರೆ ಸಿಲಿಂಡರ್ ಮತ್ತು ನಳಿಗೆ ಒಟ್ಟಿಗೆ ಹಿಡಿಯಿಂದ ಹೊರಬರುತ್ತವೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಎರಡೂ ಬದಿಯ ಫೋಟೋ ತೆಗೆದಿಡಿ. ಟ್ರಿಗರಿನ ಸಣ್ಣ ಸ್ಪ್ರಿಂಗ್ ಯಾವ ಕಾಲು ಎಲ್ಲಿ ಊರಿತ್ತು ಎನ್ನುವುದು ಜೋಡಿಸುವಾಗ ಯಾರಿಗೂ ನೆನಪಿರುವುದಿಲ್ಲ. ಪಿನ್ನುಗಳು ನೋಡಲು ಒಂದೇ ಥರ ಇದ್ದರೂ ಉದ್ದದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ ಇರುತ್ತದೆ. ಒಂದು ಥರ್ಮಾಕೋಲ್ ಹಾಳೆಯ ಮೇಲೆ ಪಿಸ್ತೂಲಿನ ಆಕಾರ ಬರೆದು, ತೆಗೆದ ಪಿನ್ನನ್ನು ಅದರದೇ ಜಾಗದಲ್ಲಿ ಚುಚ್ಚಿಡಿ.

ಈಗ ಸಿಲಿಂಡರನ್ನು ಕಂಪ್ರೆಸರಿಗೆ ಕೂರಿಸಿ. ಗುಬುಟು ಹಿಂಬದಿಯ ಬ್ಲಾಕಿನ ನಡುಮಧ್ಯಕ್ಕೆ ಕೂರಬೇಕು. ರಾಡನ್ನು ತಿರುಗಿಸುತ್ತ ಹೋದಂತೆ ಪಿನ್ನಿನ ಮೇಲಿನ ಹೊರೆ ಕಡಿಮೆಯಾಗುತ್ತದೆ. ಪಂಚಿನಿಂದ ಬೆರಳಲ್ಲಿ ಒತ್ತಿದರೆ ಪಿನ್ ಸರಿಯುವ ಹಂತ ಸಿಕ್ಕರೆ ಅದೇ ಸರಿಯಾದ ಜಾಗ. ಸುತ್ತಿಗೆಯಲ್ಲಿ ಜೋರಾಗಿ ಬಡಿಯಬೇಕಾಗಿ ಬಂತೆಂದರೆ ಒತ್ತಿದ್ದು ಹೆಚ್ಚಾಗಿದೆ ಅಥವಾ ಕಡಿಮೆಯಾಗಿದೆ, ಕಾಲು ಸುತ್ತು ಹಿಂದೆ ಮುಂದೆ ಮಾಡಿ ನೋಡಿ. ಕೆಲವು ಪಿಸ್ತೂಲುಗಳಲ್ಲಿ ಪಿನ್ ಬದಲು ಮರೆ (ಥ್ರೆಡ್) ಇರುವ ದಪ್ಪ ಪ್ಲಗ್ ಇರುತ್ತದೆ. ಅದನ್ನೂ ಕಂಪ್ರೆಸರಿನಲ್ಲಿಟ್ಟೇ ತಿರುಗಿಸಬೇಕು, ಕೊನೆಯ ಎರಡು ಮರೆಯಲ್ಲಿ ಕೈ ಜಾರುವುದು ಸಾಮಾನ್ಯ. ಪಿನ್ ಬಂದ ಮೇಲೆ ರಾಡನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ಸ್ಪ್ರಿಂಗ್ ಪೂರ್ತಿ ಸಡಿಲವಾಗುವ ತನಕ ಗುಬುಟು ಬ್ಲಾಕಿಗೆ ತಾಗಿಕೊಂಡೇ ಇರಲಿ.

ಬ್ಲಾಕ್, ಸ್ಪ್ರಿಂಗ್, ಅದು ಬಾಗದಂತೆ ಒಳಗಿಂದ ಹಿಡಿಯುವ ಗೈಡ್ ಕಡ್ಡಿ ಹೊರಬಂದವು. ಪಿಸ್ಟನ್ ಮಾತ್ರ ಬರುವುದಿಲ್ಲ, ಕಾಕಿಂಗ್ ಲಿವರಿನ ಕೊಕ್ಕೆ ಅದನ್ನು ಹಿಡಿದುಕೊಂಡಿರುತ್ತದೆ. ನಳಿಗೆಯ ಹಿಂಜಿನ ಬೋಲ್ಟ್ ಬಿಚ್ಚಿ ನಳಿಗೆಯನ್ನು ಬೇರ್ಪಡಿಸಿ, ಲಿವರನ್ನು ಸೀಳುಗಂಡಿಯ ಅಗಲವಾದ ಜಾಗಕ್ಕೆ ಸರಿಸಿ ಎತ್ತಿದರೆ ಕೊಕ್ಕೆ ಬಿಡುತ್ತದೆ. ಹಿಂಜಿನ ಎರಡು ಪಕ್ಕದ ತೆಳು ವಾಷರುಗಳನ್ನು ಕಳೆದುಕೊಳ್ಳಬೇಡಿ, ನಳಿಗೆ ಅಲ್ಲಾಡದಂತೆ ಹಿಡಿಯುವುದು ಅವೇ. ನಳಿಗೆಯನ್ನು ಮುಚ್ಚಿ ಹಿಡಿಯುವ ಗುಂಡು ಅಥವಾ ಬೆಣೆಯ ಹಿಂದೆಯೂ ಒಂದು ಸಣ್ಣ ಸ್ಪ್ರಿಂಗ್ ಇರುತ್ತದೆ, ಅದು ಹಾರದಂತೆ ಬೆರಳು ಅಡ್ಡ ಇಟ್ಟುಕೊಳ್ಳಿ.

ತೊಳೆಯಲು ಸೀಮೆಎಣ್ಣೆ ಸಾಕು. ಪೆಟ್ರೋಲ್ ಬೇಡ. ಅದರ ಆವಿ ಮನೆಯೊಳಗೆ ಬೆಂಕಿಗೆ ಆಹ್ವಾನ, ರಬ್ಬರನ್ನೂ ಊದಿಸುತ್ತದೆ. ಸಿಲಿಂಡರಿನ ಒಳಗನ್ನು ಕಡ್ಡಿಗೆ ಸುತ್ತಿದ ಹತ್ತಿಬಟ್ಟೆಯಿಂದ ಬಟ್ಟೆ ಬೆಳ್ಳಗೆ ಬರುವ ತನಕ ಒರೆಸಿ. ಗಾಳಿರಂಧ್ರವನ್ನು ಬೆಂಕಿಕಡ್ಡಿಯಿಂದ ಚೊಕ್ಕ ಮಾಡಿ. ಡ್ರಿಲ್ ಬಿಟ್ ಹಾಕಿ ದೊಡ್ಡದು ಮಾಡಿದರೆ ಪಿಸ್ಟನ್ನಿಗೆ ಮುಂದೆ ಗಾಳಿಯ ಮೆತ್ತೆ ಉಳಿಯುವುದಿಲ್ಲ, ಅದು ಸಿಲಿಂಡರಿನ ತುದಿಗೆ ಹೋಗಿ ಅಪ್ಪಳಿಸುತ್ತದೆ. ಬಲವೂ ಹೆಚ್ಚುವುದಿಲ್ಲ.

ಜೋಡಿಸುವಾಗ ಹೆಚ್ಚಿನವರು ಹೊಸ ಸೀಲನ್ನು ಕೆಡಿಸಿಕೊಳ್ಳುವುದು ಒಂದೇ ಜಾಗದಲ್ಲಿ. ಸಿಲಿಂಡರಿನ ಅಡಿಯಲ್ಲಿ ಲಿವರ್ ಓಡಾಡುವ ಸೀಳುಗಂಡಿ ಇದೆಯಲ್ಲ, ಅದರ ಅಂಚು ಬ್ಲೇಡಿನಷ್ಟು ಹರಿತ. ಪಿಸ್ಟನ್ ಅದನ್ನು ದಾಟುವಾಗ ಸೀಲಿನ ತುಟಿ ಸಿಗಿದು ಸಣ್ಣ ಚೂರು ಕಿತ್ತುಬರುತ್ತದೆ. ಮೊದಲು ಅಂಚುಗಳನ್ನು ಸಣ್ಣ ಸೂಜಿ ಅರದಿಂದ, ಆಮೇಲೆ 400 ನಂಬರಿನ ಎಮರಿ ಕಾಗದದಿಂದ ಮೊಂಡು ಮಾಡಿ, ಪುಡಿ ಒರೆಸಿ. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿನಿಂದ ಒಂದು ಅಗಲ ಪಟ್ಟಿ ಕತ್ತರಿಸಿ ಒಳಗೆ ಹಾಸಿ ಅದರ ಮೇಲೆ ಪಿಸ್ಟನ್ ಜಾರಿಸಿ, ಸೀಲು ಗಂಡಿ ದಾಟಿದ ಮೇಲೆ ಪಟ್ಟಿ ಎಳೆದುಬಿಡಿ.

ಸ್ಪ್ರಿಂಗ್ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಗಾಳಿರಂಧ್ರವನ್ನು ಬೆರಳಿಂದ ಮುಚ್ಚಿ, ಪಿಸ್ಟನ್ನನ್ನು ಮರದ ಕಡ್ಡಿಯಿಂದ ಮುಂದಕ್ಕೆ ತಳ್ಳಿ ಬಿಡಿ. ಸೀಲ್ ಸರಿ ಇದ್ದರೆ ಪಿಸ್ಟನ್ ಹಿಂದಕ್ಕೆ ಪುಟಿಯುತ್ತದೆ. ಸುಮ್ಮನೆ ಮುಂದೆ ಹೋಗಿ ಕುಳಿತರೆ ಎಲ್ಲೋ ಸೋರುತ್ತಿದೆ, ಮುಂದಕ್ಕೆ ಜೋಡಿಸುವುದರಲ್ಲಿ ಅರ್ಥವಿಲ್ಲ. ಸ್ಪ್ರಿಂಗ್ ಇರುವಾಗ ಈ ಪರೀಕ್ಷೆ ಮಾಡಲು ಹೋಗಬೇಡಿ, ಬೆರಳು ಹೋಗುತ್ತದೆ.

ಪ್ರಶ್ನೆ: ನಮ್ಮ ಪಿಸ್ತೂಲಿನ ಪಿಸ್ಟನ್ನಿಗೆ ಚರ್ಮದ ವಾಷರ್ ಇದೆ, ಒಣಗಿ ಬಿರುಕು ಬಿಟ್ಟಿದೆ. ಸೈಕಲ್ ಪಂಪಿನ ವಾಷರ್ ಹಾಕಬಹುದೇ? ಪ್ಲಾಸ್ಟಿಕ್ ಸೀಲಿಗೆ ಬದಲಿಸಿದರೆ ಒಳ್ಳೆಯದೇ?
– ಓದುಗರು, ಸಾಗರ

ಉತ್ತರ: ಒಣಗಿದ್ದು ಮಾತ್ರವಾದರೆ ಬದಲಿಸುವ ಅಗತ್ಯವೇ ಇಲ್ಲದಿರಬಹುದು. ವಾಷರನ್ನು ಪಿಸ್ಟನ್ನಿನಿಂದ ಬಿಚ್ಚಿ ಒಂದು ರಾತ್ರಿ ನೀಟ್ಸ್‌ಫುಟ್ ಎಣ್ಣೆಯಲ್ಲಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಒರೆಸಿ ಹಾಕಿ ನೋಡಿ. ಈ ಎಣ್ಣೆ ಕುದುರೆ ಜೀನು ಮತ್ತು ಚರ್ಮದ ಸಾಮಾನಿಗೆ ಬಳಸುವಂಥದ್ದು. ಬಿರುಕು ಬಟ್ಟಲಿನ ಅಂಚಿನ ತನಕ ಹೋಗಿದ್ದರೆ ಹೊಸದೇ ಬೇಕು.

ಸೈಕಲ್ ಪಂಪಿನ ವಾಷರ್ ಆಕಾರದಲ್ಲಿ ಅದೇ ಬಟ್ಟಲು, ಆದರೆ ಚರ್ಮ ತೆಳು ಮತ್ತು ಮೆದು. ಪಂಪಿನಲ್ಲಿ ಅದು ಕೈಯ ವೇಗಕ್ಕೆ ಕೆಲಸ ಮಾಡುತ್ತದೆ. ಇಲ್ಲಿ ಪಿಸ್ಟನ್ ಕಣ್ಣು ಮಿಟುಕಿಸುವುದರೊಳಗೆ ಮುಂದೆ ಬಂದು ಬಡಿಯುತ್ತದೆ. ನಡುವಿನ ತೂತಿನ ಹತ್ತಿರ ಬೇಗ ಹರಿಯುತ್ತದೆ. ಬೆಲ್ಟ್ ಮಾಡುವ, ಗಿಡದ ತೊಗಟೆಯಲ್ಲಿ ಹದ ಮಾಡಿದ ಸುಮಾರು 3 ಮಿ.ಮೀ. ದಪ್ಪದ ಚರ್ಮ ತಂದು ನೀವೇ ಮಾಡಿಕೊಳ್ಳುವುದು ಮೇಲು. ವೃತ್ತಾಕಾರವಾಗಿ ಕತ್ತರಿಸಿ, ಉಗುರುಬೆಚ್ಚಗಿನ ನೀರಲ್ಲಿ ಮೆತ್ತಗಾಗುವ ತನಕ ನೆನೆಸಿ, ಸಿಲಿಂಡರಿನ ಒಳವ್ಯಾಸದಷ್ಟೇ ಇರುವ ಪೈಪಿನ ತುಂಡಿನೊಳಗೆ ಮರದ ಗೂಟದಿಂದ ಒತ್ತಿ ಕೂರಿಸಿ, ನೆರಳಲ್ಲಿ ಎರಡು ದಿನ ಒಣಗಲು ಬಿಡಿ. ಬಿಸಿಲಿಗಿಟ್ಟರೆ ಸುಕ್ಕಾಗುತ್ತದೆ. ಒಣಗಿದ ಮೇಲೆ ಅಂಚನ್ನು ಬ್ಲೇಡಿನಲ್ಲಿ ಸಮ ಮಾಡಿ, ಎಣ್ಣೆಯಲ್ಲಿ ನೆನೆಸಿ. ಸಿಲಿಂಡರಿಗೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಹೋಗಬೇಕು, ಅಷ್ಟು ಬಿಗಿ ಸರಿ.

ಚರ್ಮದ ಪಿಸ್ಟನ್ನಿಗೆ ಪ್ಲಾಸ್ಟಿಕ್ ಸೀಲ್ ಹಾಕಲು ಪಿಸ್ಟನ್ ತಲೆಯನ್ನೇ ಲೇತಿನಲ್ಲಿ ಬದಲಿಸಬೇಕಾಗುತ್ತದೆ. ಕಡಿಮೆ ಬಲದ ಪಿಸ್ತೂಲಿಗೆ ಅದು ಸುಮ್ಮನೆ ಖರ್ಚು. ಚೆನ್ನಾಗಿ ಎಣ್ಣೆ ಕುಡಿದ ಚರ್ಮ ಹಲವು ವರ್ಷ ಬಾಳುತ್ತದೆ ಮತ್ತು ಸಿಲಿಂಡರಿನ ಸಣ್ಣಪುಟ್ಟ ಗೀರನ್ನೂ ಸಹಿಸಿಕೊಳ್ಳುತ್ತದೆ.

ಪ್ರಶ್ನೆ: ಪ್ರತಿ ವರ್ಷ ಕೊಡಗಿನ ಆಯುಧದ ಹಬ್ಬ ಕೈಲ್ ಮುಹೂರ್ತಕ್ಕೆ ಮನೆಯ ತೋಕುಗಳ (ಕೋವಿಗಳ) ಜೊತೆ ಏರ್ ಪಿಸ್ತೂಲನ್ನೂ ಪೂಜೆಗಿಡುತ್ತೇವೆ. ಅದಕ್ಕೆ ಮುನ್ನ ಒಳಗೆಲ್ಲ ಎಣ್ಣೆ ಬಿಡುವುದು ರೂಢಿ. ಈ ಸಲ ಮೊದಲ ಹೊಡೆತಕ್ಕೆ ಢಂ ಎಂಬ ಸದ್ದು, ಹೊಗೆ, ಸುಟ್ಟ ವಾಸನೆ. ಆಮೇಲೆ ಬಲವೇ ಇಲ್ಲ. ಏನಾಗಿದೆ?
– ಓದುಗರು, ಮಡಿಕೇರಿ

ಉತ್ತರ: ಎಣ್ಣೆಯೇ ಸಿಡಿದಿದೆ. ಗಾಳಿಯನ್ನು ದಿಢೀರನೆ ಒತ್ತಿದಾಗ ಅದು ಬಹಳ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ ಸ್ಪಾರ್ಕ್ ಪ್ಲಗ್ ಇಲ್ಲದೆ ಹೊತ್ತಿಕೊಳ್ಳುವುದು ಇದೇ ತತ್ವದ ಮೇಲೆ. ಪಿಸ್ಟನ್ನಿನ ಮುಂದೆ ಹೊಲಿಗೆ ಯಂತ್ರದ ಎಣ್ಣೆ, ಎಂಜಿನ್ ಆಯಿಲ್, ತುಕ್ಕು ಬಿಡಿಸುವ ಸ್ಪ್ರೇ ಇವುಗಳಲ್ಲಿ ಯಾವುದಿದ್ದರೂ ಹೊತ್ತಿಕೊಳ್ಳಬಹುದು. ಆ ಸ್ಫೋಟ ಪ್ಲಾಸ್ಟಿಕ್ ಸೀಲನ್ನು ಸುಡುತ್ತದೆ, ಪಿಸ್ಟನ್ನನ್ನು ಹಿಂದಕ್ಕೆ ಒದ್ದು ಸ್ಪ್ರಿಂಗಿಗೆ ಪೆಟ್ಟು ಕೊಡುತ್ತದೆ. ನಿಮ್ಮದು ಪ್ಲಾಸ್ಟಿಕ್ ಸೀಲ್ ಆಗಿದ್ದರೆ ಬಿಚ್ಚಿ ನೋಡಲೇಬೇಕು, ಅದರ ತುಟಿ ಕರಗಿರುವ ಸಾಧ್ಯತೆ ಹೆಚ್ಚು.

ಬಂದೂಕಿಗೆ ಎಣ್ಣೆ ಹಾಕುವ ರೂಢಿಯನ್ನು ಹಾಗೆಯೇ ಏರ್ ಪಿಸ್ತೂಲಿಗೆ ತರಬೇಡಿ. ಇಲ್ಲಿ ಲೆಕ್ಕ ಹನಿಗಳಲ್ಲಿ. ಪ್ಲಾಸ್ಟಿಕ್ ಸೀಲಿನ ಮುಂಬದಿ ಒಣಗಿಯೇ ಇರಬೇಕು. ಬಿಚ್ಚಿದಾಗ ಪಿಸ್ಟನ್ನಿನ ಹಿಂಭಾಗದ ಸುತ್ತ, ಅದು ಸಿಲಿಂಡರಿಗೆ ಉಜ್ಜುವ ಜಾಗದಲ್ಲಿ, ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಕಪ್ಪು ಗ್ರೀಸನ್ನು ಬೆರಳಲ್ಲಿ ಸವರಿ ಒರೆಸಿಬಿಡಬೇಕು, ಬಣ್ಣ ಮಾತ್ರ ಉಳಿದರೆ ಸಾಕು. ಇಡೀ ಪಿಸ್ತೂಲಿಗೆ ಒಂದು ಬಟಾಣಿ ಗಾತ್ರದ ಗ್ರೀಸ್ ಹೆಚ್ಚೇ. ಹಿಂಜಿಗೆ ಒಂದು ಹನಿ ಎಣ್ಣೆ, ಟ್ರಿಗರ್ ಪಿನ್ನಿಗೆ ಸೂಜಿಮೊನೆಯಷ್ಟು. ಚರ್ಮದ ವಾಷರಿನದು ಮಾತ್ರ ಬೇರೆ ಕಥೆ. ಆರು ತಿಂಗಳಿಗೊಮ್ಮೆ ಗಾಳಿರಂಧ್ರದಲ್ಲಿ ಎರಡು ಹನಿ ದಪ್ಪ ಸಿಲಿಕಾನ್ ಎಣ್ಣೆ ಬಿಟ್ಟು, ಪಿಸ್ತೂಲನ್ನು ಒಂದು ರಾತ್ರಿ ನಳಿಗೆ ಮೇಲೆ ಮಾಡಿ ನಿಲ್ಲಿಸಿ, ಚರ್ಮ ಎಣ್ಣೆ ಕುಡಿಯಲಿ. ಅದೇ ಸಿಲಿಕಾನ್ ಎಣ್ಣೆಯನ್ನು ಸ್ಪ್ರಿಂಗಿಗೆ ಅಥವಾ ಟ್ರಿಗರಿಗೆ ಹಾಕಬೇಡಿ, ಕಬ್ಬಿಣದ ಮೇಲೆ ಕಬ್ಬಿಣ ಉಜ್ಜುವ ಜಾಗಕ್ಕೆ ಅದು ಕಾಪು ಕೊಡುವುದಿಲ್ಲ. ಕೊಬ್ಬರಿ ಎಣ್ಣೆಯಂತೂ ಎಲ್ಲಿಗೂ ಬೇಡ. ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗುತ್ತದೆ.

ಪೂಜೆಯ ವಿಷಯಕ್ಕೂ ಒಂದು ಮಾತು. ನಳಿಗೆಯ ಬಾಯಿಗೆ ಸಿಕ್ಕಿಸುವ ತೋಕ್ ಪೂವಿನ (ಕೋವಿ ಹೂವಿನ) ದೇಟಿನಲ್ಲಿ ನೀರಿರುತ್ತದೆ, ಗಂಧದಲ್ಲೂ ನೀರಿರುತ್ತದೆ. ಕೊಡಗಿನ ಸೆಪ್ಟೆಂಬರ್ ಹವೆಯಲ್ಲಿ ಒಂದೇ ರಾತ್ರಿ ಸಾಕು, ನಳಿಗೆಯ ಬಾಯಿ ತುಕ್ಕಿನಿಂದ ಕೆಂಪಾಗುತ್ತದೆ. ಹೂವನ್ನು ಟ್ರಿಗರ್ ಗಾರ್ಡಿಗೆ ಸಿಕ್ಕಿಸಿ, ಸಂಜೆಯೇ ಗಂಧ ಕುಂಕುಮ ಒರೆಸಿ, ಹೊರಮೈಗೆ ಎಣ್ಣೆ ಬಟ್ಟೆ ಆಡಿಸಿ. ಆಯುಧಪೂಜೆಗಿಡುವವರಿಗೂ ಇದೇ ಮಾತು. ಮಳೆಗಾಲದಲ್ಲಿ ಸ್ಪಾಂಜು ಹಾಕಿದ ಪೆಟ್ಟಿಗೆಯಲ್ಲಿ ಅಥವಾ ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ, ಎರಡೂ ತೇವ ಹಿಡಿಯುತ್ತವೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹತ್ತಿಬಟ್ಟೆಯಲ್ಲಿ ಸುತ್ತಿಡುವುದೇ ಸರಿ. ನಳಿಗೆ ಒರೆಸುವಾಗ ನೈಲಾನ್ ದಾರಕ್ಕೆ ಬಟ್ಟೆಚೂರು ಕಟ್ಟಿ ಬ್ರೀಚಿನ ಕಡೆಯಿಂದ ಮುಂದಕ್ಕೆ ಎಳೆಯಿರಿ. ಕಬ್ಬಿಣದ ಕಡ್ಡಿಯನ್ನು ಬಾಯಿಯ ಕಡೆಯಿಂದ ತುರುಕಿದರೆ ಪೆಲೆಟ್ ಹೊರಡುವ ಅಂಚೇ ಸವೆದು ಗುರಿ ಕೆಡುತ್ತದೆ.

ಪ್ರಶ್ನೆ: ರೈಫಲಿನ ಗಟ್ಟಿ ಸ್ಪ್ರಿಂಗ್ ಕತ್ತರಿಸಿ ಪಿಸ್ತೂಲಿಗೆ ಹಾಕಿದರೆ ಬಲ ಹೆಚ್ಚುತ್ತದೆಯೇ? ಇದಕ್ಕೆ ಕಾನೂನಿನ ಅಡ್ಡಿ ಇದೆಯೇ?
– ಓದುಗರು, ಬೆಂಗಳೂರು

ಉತ್ತರ: ಹಾಕಬೇಡಿ. ಪಿಸ್ತೂಲಿನ ಬಲಕ್ಕೆ ಮಿತಿ ಹಾಕುವುದು ಸಿಲಿಂಡರಿನಲ್ಲಿ ಹಿಡಿಯುವ ಗಾಳಿ. ಸ್ಪ್ರಿಂಗ್ ಗಟ್ಟಿ ಮಾಡಿದರೆ ಗಾಳಿ ಹೆಚ್ಚುವುದಿಲ್ಲ. ಪಿಸ್ಟನ್ ಮುಂದೆ ಬಡಿದು ಪುಟಿಯುವುದು ಹೆಚ್ಚುತ್ತದೆ, ಪಿಸ್ತೂಲು ಕೈಯಲ್ಲಿ ಕುಣಿಯುತ್ತದೆ, ಗುರಿ ಹಾಳಾಗುತ್ತದೆ. ಪಿಸ್ಟನ್ನನ್ನು ಹಿಡಿದು ನಿಲ್ಲಿಸುವ ಸಿಯರ್ ಕೊಕ್ಕೆಯನ್ನು ಅಷ್ಟು ಹೊರೆಗೆ ಮಾಡಿರುವುದೂ ಇಲ್ಲ.

ಹಳೆಯ ಸ್ಪ್ರಿಂಗ್ ನಿಜವಾಗಿ ಕೆಟ್ಟಿದೆಯೇ ಎಂದು ನೋಡಲು ಅದನ್ನು ಗಾಜಿನ ಮೇಲೆ ಉರುಳಿಸಿ. ಬಾಳೆಹಣ್ಣಿನಂತೆ ಬಾಗಿದ್ದರೆ, ಸುರುಳಿ ತುಂಡಾಗಿದ್ದರೆ ಬದಲಿಸಿ. ತುಂಡಾಗುವುದು ಹೆಚ್ಚಾಗಿ ತುದಿಯಿಂದ ಒಂದೆರಡು ಸುರುಳಿ ಒಳಗೆ. ಹೊಸ ಸ್ಪ್ರಿಂಗಿಗಿಂತ ಸ್ವಲ್ಪ ಗಿಡ್ಡಗಾಗಿರುವುದು ದೋಷವಲ್ಲ, ಮೊದಲ ಕೆಲವು ದಿನದಲ್ಲೇ ಎಲ್ಲ ಸ್ಪ್ರಿಂಗೂ ಕುಗ್ಗಿ ನಿಲ್ಲುತ್ತದೆ. ಬದಲಿ ತರುವಾಗ ತಂತಿಯ ದಪ್ಪ, ಹೊರವ್ಯಾಸ, ಸುರುಳಿಗಳ ಸಂಖ್ಯೆ ಮೂರನ್ನೂ ಹೊಂದಿಸಿ. 2.6 ಮಿ.ಮೀ. ತಂತಿಯ 28 ಸುರುಳಿ ಪೂರ್ತಿ ಒತ್ತಿಕೊಂಡರೆ 72.8 ಮಿ.ಮೀ. ಜಾಗ ಬೇಕು. ಪಿಸ್ಟನ್ ಕಾಕ್ ಆದಾಗ ಒಳಗೆ ಉಳಿಯುವ ಜಾಗ 70 ಮಿ.ಮೀ. ಇದ್ದರೆ ಅದು ಎಂದೂ ಕಾಕ್ ಆಗುವುದಿಲ್ಲ. ಬಲ ಹಾಕಿ ಎಳೆದರೆ ಲಿವರ್ ಬಾಗುತ್ತದೆ. ತುದಿಗಳನ್ನು ಸಪಾಟಾಗಿ ಸಾಣೆ ಹಿಡಿದಿರಬೇಕು. ಕತ್ತರಿಸಿದ ಸ್ಪ್ರಿಂಗಿನ ಚೂಪು ತುದಿ ಗೈಡನ್ನು ಕೊರೆದು ಲೋಹದ ಪುಡಿ ಉದುರಿಸುತ್ತದೆ.

ಹೊಡೆದಾಗ ತಂತಿ ಮೀಟಿದಂತೆ ಟಂಯ್ ಸದ್ದು ಬರುತ್ತಿದ್ದರೆ ಗೈಡ್ ಸಡಿಲವಾಗಿದೆ ಎಂದರ್ಥ. ನೈಲಾನ್ ಅಥವಾ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ರಾಡಿನಿಂದ, ಸ್ಪ್ರಿಂಗಿನ ಒಳವ್ಯಾಸಕ್ಕಿಂತ 0.1 ಮಿ.ಮೀ. ಮಾತ್ರ ಕಡಿಮೆ ಇರುವ ಗೈಡನ್ನು ಲೇತಿನಲ್ಲಿ ಮಾಡಿಸಿ. ಅಂಟು ಗ್ರೀಸ್ ಮೆತ್ತಿ ಸದ್ದು ಅಡಗಿಸುವ ಉಪಾಯ ರೈಫಲಿಗೆ ಸರಿ, ಪಿಸ್ತೂಲಿನ ಸಣ್ಣ ಸ್ಪ್ರಿಂಗಿನ ವೇಗವನ್ನೇ ಅದು ತಿಂದುಹಾಕುತ್ತದೆ.

ಕಾನೂನಿನ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ ನಳಿಗೆಯ, 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಈ ಎರಡರಲ್ಲಿ ಒಂದನ್ನು ಮೀರಿದರೂ ಲೈಸೆನ್ಸ್ ಬೇಕು, ಹಾಗಾಗಿ ನಳಿಗೆಯನ್ನು ದೊಡ್ಡದು ಮಾಡಿಸುವ ಯೋಚನೆ ಬಿಡಿ. ಬ್ರೇಕ್ ಬ್ಯಾರಲ್ ಪಿಸ್ತೂಲು ಸಾಮಾನ್ಯವಾಗಿ 3ರಿಂದ 6 ಜೂಲ್ ಒಳಗೇ ಇರುತ್ತದೆ. ನೋಡುವವರ ಕಣ್ಣಿಗೆ ಮಾತ್ರ ಅದು ನಿಜವಾದ ಪಿಸ್ತೂಲು. ಲೇತ್ ಅಂಗಡಿಗೆ ಒಯ್ಯುವಾಗ ಬೇಕಾದ ಬಿಡಿಭಾಗವನ್ನು ಮಾತ್ರ ಒಯ್ಯಿರಿ. ಹಕ್ಕಿಗಳಿಗೆ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಏರ್ ಪಿಸ್ತೂಲಿನಲ್ಲಿ ಎಂಬ ವಿನಾಯಿತಿ ಅದರಲ್ಲಿಲ್ಲ.

ಪ್ರಶ್ನೆ: ತಾತನ ಕಾಲದ ಡಯಾನಾ ಮಾಡೆಲ್ 6 ಪಿಸ್ತೂಲಿದೆ. ಹೊಡೆದಾಗ ಕೈಗೆ ಒದೆತವೇ ಇಲ್ಲ, ಆದರೆ ನಳಿಗೆಯಿಂದ ಕಂದು ಬಣ್ಣದ ಅಂಟು ಚೂರು ಬರುತ್ತಿದೆ. ಬಿಚ್ಚಲೇ?
– ಓದುಗರು, ಮಂಗಳೂರು

ಉತ್ತರ: ದಯವಿಟ್ಟು ನೀವು ಬಿಚ್ಚಬೇಡಿ. ಜರ್ಮನಿಯ ರಾಷ್ಟಾಟಿನಲ್ಲಿ ತಯಾರಾದ ಮಾಡೆಲ್ 6 ಮತ್ತು ಮಾಡೆಲ್ 10ರಲ್ಲಿ ಗಿಸ್ ಎಂಬ ಏರ್ಪಾಡು ಇದೆ. ಎದುರುಬದುರು ಓಡುವ ಎರಡು ಪಿಸ್ಟನ್ ಒಂದರ ಒದೆತವನ್ನು ಇನ್ನೊಂದು ತಿನ್ನುತ್ತದೆ, ಎರಡನ್ನೂ ಹಲ್ಲುಚಕ್ರ ಜೋಡಿಸುತ್ತದೆ. ಮತ್ತೆ ಜೋಡಿಸುವಾಗ ಒಂದು ಹಲ್ಲು ತಪ್ಪಿದರೂ ಎರಡು ಪಿಸ್ಟನ್ ಹೊಂದಿಕೆಯಿಲ್ಲದೆ ಓಡಿ ಹಲ್ಲುಗಳೇ ಮುರಿಯುತ್ತವೆ. ಕಂದು ಚೂರು ಪಿಸ್ಟನ್ ಸೀಲಿನದು. ಆ ಕಾಲದ ಜರ್ಮನ್ ಪ್ಲಾಸ್ಟಿಕ್ ಸೀಲುಗಳು ಬಳಸದೆ ಇಟ್ಟರೂ ವಯಸ್ಸಾಗಿ ಪುಡಿಯಾಗುತ್ತವೆ. ಅದೇ ಸ್ಥಿತಿಯಲ್ಲಿ ಹೊಡೆಯುತ್ತ ಹೋದರೆ ಲೋಹಕ್ಕೆ ಲೋಹ ಬಡಿಯುತ್ತದೆ, ಹಾಗಾಗಿ ಈಗಲೇ ನಿಲ್ಲಿಸಿ. ಗಿಸ್ ಬಲ್ಲ ಕುಶಲಕರ್ಮಿ ಸಿಗುವ ತನಕ ಅದು ಕಪಾಟಿನಲ್ಲಿರಲಿ. ಗಿಸ್ ಇಲ್ಲದ ಮಾಡೆಲ್ 5 ಆಗಿದ್ದರೆ ಮೇಲೆ ಹೇಳಿದ ಕ್ರಮದಲ್ಲೇ ಧೈರ್ಯವಾಗಿ ಬಿಚ್ಚಬಹುದಿತ್ತು.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಹಳೆಯ ವೆಬ್ಲಿ ಟೆಂಪೆಸ್ಟ್ ಕೊಂಡೆ. ನಮ್ಮೂರಿನ ಬ್ರೇಕ್ ಬ್ಯಾರಲಿನಂತೆಯೇ ಬಿಚ್ಚಬಹುದೇ?
– ಓದುಗರು, ಬರ್ಮಿಂಗ್‌ಹ್ಯಾಮ್

ಉತ್ತರ: ಇಲ್ಲ, ದಿಕ್ಕೇ ಉಲ್ಟಾ. ವೆಬ್ಲಿಯಲ್ಲಿ ನಳಿಗೆಯ ಹಿಂಬದಿಯನ್ನು ಮೇಲೆತ್ತಿ ಕಾಕ್ ಮಾಡಿದಾಗ ಪಿಸ್ಟನ್ ಮುಂದಕ್ಕೆ ಹೋಗುತ್ತದೆ, ಹೊಡೆದಾಗ ನಿಮ್ಮ ಕಡೆಗೆ ಓಡುತ್ತದೆ. ಸ್ಪ್ರಿಂಗ್ ಹೊರಬರುವುದು ಮುಂದಿನ ಪ್ಲಗ್ಗಿನಿಂದ. ಹಿಂದೆ ಕಂಪ್ರೆಸರ್ ಕಟ್ಟಿ ಮುಂದೆ ಮುಖವಿಟ್ಟು ಕೂರಬೇಡಿ. ಬ್ರಿಟನ್ನಿನಲ್ಲಿ ಏರ್ ಪಿಸ್ತೂಲಿನ ಮಿತಿ 6 ಫುಟ್-ಪೌಂಡ್, ಅಂದರೆ ಸುಮಾರು 8.1 ಜೂಲ್. ಅದನ್ನು ಮೀರಿದ್ದು ನಿಷೇಧಿತ ಆಯುಧವಾಗುತ್ತದೆ. ಸ್ಕಾಟ್ಲೆಂಡಿಗೆ ಒಯ್ಯುವುದಾದರೆ ಅಲ್ಲಿ 2016ರ ಡಿಸೆಂಬರ್ 31ರಿಂದ ಏರ್‌ಗನ್ನಿಗೂ ಪ್ರಮಾಣಪತ್ರ ಕಡ್ಡಾಯ.

ಪ್ರಶ್ನೆ: ಟ್ರಿಗರ್ ಬಹಳ ಬಿಗಿ. ಸಿಯರನ್ನು ಅರದಲ್ಲಿ ಉಜ್ಜಿದರೆ ಹಗುರಾಗುತ್ತದೆ ಎಂದು ಕೇಳಿದ್ದೇನೆ.
– ಓದುಗರು, ಬೆಳಗಾವಿ

ಉತ್ತರ: ಹಗುರಾಗುತ್ತದೆ, ಆಮೇಲೆ ತಾನಾಗಿ ಹೊಡೆದುಕೊಳ್ಳುತ್ತದೆ. ಸಿಯರಿನ ಮೇಲ್ಮೈಯನ್ನು ಮಾತ್ರ ಹದ ಕೊಟ್ಟು ಗಟ್ಟಿ ಮಾಡಿರುತ್ತಾರೆ. ಆ ತೆಳು ಪದರ ಅರಕ್ಕೆ ಸಿಕ್ಕಿ ಹೋದರೆ ಒಳಗಿನ ಮೆದು ಕಬ್ಬಿಣ ಬೇಗ ಸವೆದು ಅಂಚು ದುಂಡಗಾಗುತ್ತದೆ. ನಳಿಗೆ ಮಡಿಸಿ ಪೆಲೆಟ್ ಇಡುತ್ತಿರುವಾಗ ಸಿಯರ್ ಜಾರಿದರೆ ನಳಿಗೆ ಬಡಿದು ಮುಚ್ಚಿಕೊಳ್ಳುತ್ತದೆ, ಬೆರಳು ನಡುವೆ ಇರುತ್ತದೆ. ಹಳೆಯ ಗ್ರೀಸ್ ತೊಳೆದು ಸಿಯರಿನ ಮುಖಕ್ಕೆ ಮೇಲೆ ಹೇಳಿದ ಕಪ್ಪು ಮಾಲಿಬ್ಡಿನಮ್ ಗ್ರೀಸನ್ನು ಸಾಸಿವೆಯಷ್ಟು ಹಚ್ಚಿ, ಪಿನ್ನುಗಳು ಸಲೀಸಾಗಿ ತಿರುಗುತ್ತವೆಯೇ ನೋಡಿ. ಇಷ್ಟರಿಂದಲೇ ಬಿಗಿ ಗಮನಾರ್ಹವಾಗಿ ಇಳಿಯುತ್ತದೆ. ಕಾಕ್ ಮಾಡಿ ಪೆಲೆಟ್ ಹಾಕುವಷ್ಟು ಹೊತ್ತೂ ಇನ್ನೊಂದು ಕೈ ನಳಿಗೆಯನ್ನು ಬಿಗಿಯಾಗಿ ಹಿಡಿದಿರಲೇಬೇಕು, ಟ್ರಿಗರ್ ಎಷ್ಟೇ ಚೆನ್ನಾಗಿರಲಿ.

ಪ್ರಶ್ನೆ: ಸರ್ವಿಸ್ ಆದ ಮೇಲೆ ಎಲ್ಲ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?
– ಓದುಗರು, ತುಮಕೂರು

ಉತ್ತರ: ಮೊದಲು ಸುರಕ್ಷತೆ. ಕಾಕ್ ಮಾಡಿ, ಪೆಲೆಟ್ ಹಾಕಿ ನಳಿಗೆ ಮುಚ್ಚಿ, ಗುರಿಹಲಗೆಯತ್ತ ಹಿಡಿದು ಹಿಡಿಯ ಬುಡಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕೈದು ಸಲ ತಟ್ಟಿ. ತಾನಾಗಿ ಹೊಡೆದುಕೊಂಡರೆ ಮತ್ತೆ ಬಿಚ್ಚಿ ಟ್ರಿಗರ್ ನೋಡಬೇಕು. ಪೆಲೆಟ್ ಇಲ್ಲದೆ ಎಂದೂ ಹೊಡೆಯಬೇಡಿ. ಮುಂದೆ ತಡೆಯಿಲ್ಲದಿದ್ದರೆ ಗಾಳಿಯೆಲ್ಲ ಓಡಿಹೋಗಿ ಪಿಸ್ಟನ್ ಸಿಲಿಂಡರಿನ ತುದಿಗೆ ಗುದ್ದುತ್ತದೆ.

ಆಮೇಲೆ ವೇಗ. ಗೆಳೆಯರ ಬಳಿ ಅಥವಾ ಶೂಟಿಂಗ್ ಕ್ಲಬ್ಬಿನಲ್ಲಿ ಪೆಲೆಟಿನ ವೇಗ ಅಳೆಯುವ ಕ್ರೋನೋಗ್ರಾಫ್ ಸಿಕ್ಕರೆ ಒಂದೇ ಡಬ್ಬಿಯ ಹತ್ತು ಪೆಲೆಟ್ ಹೊಡೆದು ಬರೆದುಕೊಳ್ಳಿ. ಮೊದಲ ಇಪ್ಪತ್ತು ಮೂವತ್ತು ಹೊಡೆತವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಉಳಿದ ಎಣ್ಣೆ ಸುಟ್ಟು ವೇಗ ಏರುಪೇರಾಗುತ್ತದೆ, ಸೀಲೂ ಕುಳಿತುಕೊಳ್ಳಬೇಕು. 0.5 ಗ್ರಾಂ ಪೆಲೆಟ್ ಸೆಕೆಂಡಿಗೆ 120 ಮೀಟರ್ ಹೋದರೆ ಶಕ್ತಿ 3.6 ಜೂಲ್. ತೂಕವನ್ನು ಕಿಲೋಗ್ರಾಮಿನಲ್ಲಿ ಹಿಡಿದು, ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಈ ಲೆಕ್ಕ ಬರುತ್ತದೆ. ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ನಡುವೆ 5 ಮೀಟರ್ ಒಳಗಿದ್ದರೆ ಸೀಲ್ ಚೆನ್ನಾಗಿ ಕೂತಿದೆ. ಸರಾಸರಿ ಚೆನ್ನಾಗಿದ್ದು ಏರಿಳಿತ ದೊಡ್ಡದಿದ್ದರೆ ಒಳಗೆ ಇನ್ನೂ ಎಣ್ಣೆ ಉರಿಯುತ್ತಿದೆ. ಸರಾಸರಿಯೇ ಕೆಳಗಿದ್ದರೆ ಟಿಶ್ಯೂ ಕಾಗದದ ಪರೀಕ್ಷೆಗೆ ಮರಳಿ, ಹಿಂಜಿನ ವಾಷರ್ ತಪ್ಪಿ ನಳಿಗೆ ವಾರೆಯಾಗಿ ಮುಚ್ಚುತ್ತಿದೆಯೇ ನೋಡಿ.

ಪೆಲೆಟ್ ಸೀಸದ್ದೇ ಇರಲಿ, ಉಕ್ಕಿನ ಗುಂಡು ನಳಿಗೆಯ ಒಳಗೀರುಗಳನ್ನು ಕೆಡಿಸುತ್ತದೆ. ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೂರಬೇಡಿ, ಪೆಲೆಟ್ ಡಬ್ಬಿ ಮಕ್ಕಳ ಕೈಗೆ ಸಿಗದ ಜಾಗದಲ್ಲಿರಲಿ.